ಬಿಸಿಲಿನ ಎಂಜಿನ್ನಿನ ತಣ್ಣನೆಯ ತುದಿ

ಪ್ರಿನ್ಸಿಪಾಲರು ನಮಗೆ ಕೊಟ್ಟದ್ದು ಹದಿನೆಂಟು ದಿನ. ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ನಾನು ಶಿವಮೊಗ್ಗದಿಂದ ಬಂದು ಬಸ್ಸಿಳಿದು ಸಹಿ ಹಾಕುವಷ್ಟರಲ್ಲಿ ಚೇಂಬರಿಗೆ ಕರೆ ಬಂತು.

"ಮೇಡಂ, ಆ ಹಿಂದಿನ ಶೆಡ್ಡು ಬೈಕ್ ಪಾರ್ಕಿಂಗಿಗೆ ಬೇಕು" ಎಂದರು. "ನಿಮ್ಮ ಬಿಸಿಲಿನ ಎಂಜಿನ್ನು ಹಾಸ್ಟೆಲ್ ಟ್ಯಾಂಕನ್ನ ಒಂದೇ ದಿನದ ಬಿಸಿಲಲ್ಲಿ ತುಂಬಿಸುತ್ತೆ ಅಂದ್ರೆ ಇಟ್ಕೊಳ್ಳಿ, ಆಡಳಿತ ಮಂಡಳಿಗೆ ನಾನೇ ಹೇಳ್ತೀನಿ. ಇಲ್ಲಾಂದ್ರೆ ಹಳೇ ಲೇತ್ ಜೊತೆ ಅದೂ ಗುಜರಿಗೆ ಹೋಗುತ್ತೆ."

ನಾನು ಭದ್ರಾವತಿ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಉಷ್ಣಶಾಸ್ತ್ರ ಪಾಠ ಮಾಡುವವಳು. ಆ ಎಂಜಿನ್ನು ಗುಜರಿಗೆ ಹೋದರೆ ನನ್ನ ಸಂಬಳಕ್ಕೇನೂ ಕುಂದಿರಲಿಲ್ಲ. ಕುಂದಿದ್ದದ್ದು ಮೇಸ್ತ್ರಿಗೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕಬ್ಬಿಣದ ಫರ್ನೇಸಿನ ಮುಂದೆ ನಿಂತು ನಿವೃತ್ತರಾಗಿ ನ್ಯೂ ಟೌನಿನಲ್ಲಿ ಇರುವವರು ಅವರು. ನಮ್ಮ ಲ್ಯಾಬಿನಲ್ಲಿ ಏನೋ ರಿಪೇರಿಗೆಂದು ಬಂದವರು, ನಾನು ಬೋರ್ಡಿನ ಮೇಲೆ ಬರೆದು ಅಳಿಸದೆ ಬಿಟ್ಟಿದ್ದ ಬಿಸಿಗಾಳಿ ಎಂಜಿನ್ನಿನ ಚಿತ್ರವನ್ನು ಹತ್ತು ನಿಮಿಷ ನೋಡಿ, "ಇದನ್ನ ಮಾಡಬಹುದಲ್ಲ ಮೇಡಂ" ಎಂದಿದ್ದರು. ಎರಡು ವರ್ಷದಲ್ಲಿ ಮಾಡಿಯೂ ಬಿಟ್ಟರು. ಕೇಬಲ್ ಟಿವಿಯವರು ಬಿಸಾಡಿದ ಎಂಟಡಿ ಅಗಲದ ಡಿಶ್ಶಿಗೆ ಕನ್ನಡಿ ಚೂರುಗಳನ್ನು ಒಂದೊಂದಾಗಿ ಅಂಟಿಸಿದರು. ಕೆಟ್ಟುಹೋದ ಡೀಸೆಲ್ ಪಂಪಿನ ಪಿಸ್ಟನ್, ಹಿಟ್ಟಿನ ಗಿರಣಿಯೊಂದರ ದೊಡ್ಡ ಚಕ್ರ, ಎಲ್ಲವೂ ಅವರ ಮೊಪೆಡ್ಡಿನ ಮೇಲೆ ಬಂದವು. ಇಷ್ಟಾದರೂ ಶೆಡ್ಡಿನ ಮುಂದಿನ ಬಿಸಿಲಿನಲ್ಲಿ ಎಂಜಿನ್ನನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರೇ ಹೊರತು ನೆಲಕ್ಕೆ ಬಿಗಿದಿರಲಿಲ್ಲ. ಓಡುವಾಗ ಅದು ದಿನಕ್ಕೆ ಒಂದು ಗೇಣು ಸರಿಯುತ್ತಿತ್ತು. ನಾನು ಬೋಲ್ಟ್ ಹಾಕಿಸೋಣ ಎಂದಾಗಲೆಲ್ಲ, "ಎತ್ತಿ ಆಚೆಗೆ ಇಡೋ ಮಿಷನ್‌ಗೆ ಯಾಕೆ ಮೇಡಂ ಬೋಲ್ಟು" ಎನ್ನುತ್ತಿದ್ದರು.

ಎಂಜಿನ್ನಿನ ಹೊಟ್ಟೆಯೊಳಗಿನ ಸಂಗತಿ ಬಹಳ ಸರಳ. ಮುಚ್ಚಿದ ಸಿಲಿಂಡರಿನ ಒಂದು ತುದಿಗೆ ಡಿಶ್ಶಿನ ಬಿಸಿಲು ಬೀಳುತ್ತದೆ. ಆ ತುದಿಯ ಉಕ್ಕಿನ ಮುಚ್ಚಳವನ್ನು ನಾವು ಟೋಪಿ ಎನ್ನುತ್ತಿದ್ದೆವು. ಇನ್ನೊಂದು ತುದಿಯ ಸುತ್ತ ನೀರಿನ ಜಾಕೆಟ್ಟು ಇದೆ. ಒಳಗಿನ ಗಾಳಿಯನ್ನು ಒಂದು ಹಗುರ ಡಬ್ಬ ಬಿಸಿ ತುದಿಯಿಂದ ತಣ್ಣನೆಯ ತುದಿಗೂ ಅಲ್ಲಿಂದ ಇಲ್ಲಿಗೂ ತಳ್ಳುತ್ತಿರುತ್ತದೆ. ಗಾಳಿ ಬಿಸಿಯಾದಾಗ ಹಿಗ್ಗಿ ಪಿಸ್ಟನ್ನನ್ನು ನೂಕುತ್ತದೆ, ತಣ್ಣಗಾದಾಗ ಕುಗ್ಗಿ ಎಳೆದುಕೊಳ್ಳುತ್ತದೆ. ಪಿಸ್ಟನ್ನು ಚಕ್ರ ತಿರುಗಿಸುತ್ತದೆ, ಚಕ್ರ ಬಾವಿಯ ಪಂಪನ್ನು ಆಡಿಸುತ್ತದೆ. ಸೋಲಾರ್ ಪ್ಯಾನೆಲ್ ಹಾಕಿದರೆ ಆಯಿತಲ್ಲ ಎಂದು ಕೇಳದೆ ಆ ಶೆಡ್ಡಿನಿಂದ ಹೊರಹೋದವರು ಯಾರೂ ಇಲ್ಲ. ಆಯಿತು, ಖಂಡಿತ ಆಯಿತು. ಪ್ಯಾನೆಲ್ಲು ನಮ್ಮ ಎಂಜಿನ್ನಿಗಿಂತ ಹತ್ತು ಪಾಲು ಚೆನ್ನಾಗಿ ನೀರೆತ್ತುತ್ತದೆ. ಆದರೆ ಶಾಖ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ನಡುವೆ ನಮ್ಮ ಪಾಲಿಗೆ ಎಷ್ಟು ದಕ್ಕಿತು ಎಂಬುದನ್ನು ಮುಟ್ಟಿ ನೋಡಿ ಕಲಿಯಲು ಪ್ಯಾನೆಲ್ಲಿನಲ್ಲಿ ಆಗುವುದಿಲ್ಲ. ಈ ಉತ್ತರವನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಯಾರಾದರೂ ಬಾಯಿ ತೆರೆದರೆ ಸಾಕು ಸಿಡುಕುತ್ತೇನೆ.

ಲೆಕ್ಕ ಹೀಗಿತ್ತು. ಟ್ಯಾಂಕು ಐದು ಸಾವಿರ ಲೀಟರಿನದು. ಬಾವಿಯ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಗೆ ಹದಿಮೂರು ಮೀಟರ್. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯೊಳಗೆ ತುಂಬಬೇಕೆಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ಹನ್ನೊಂದು ಲೀಟರ್ ಏರಬೇಕು. ನಮ್ಮ ಎಂಜಿನ್ನು ಖುಷಿಯಲ್ಲಿದ್ದಾಗಲೂ ಒಂಬತ್ತು ದಾಟುತ್ತಿರಲಿಲ್ಲ.

"ಬಿಸಿ ಸಾಲ್ತಾ ಇಲ್ಲ ಮೇಡಂ" ಎಂದರು ಮೇಸ್ತ್ರಿ. ನಾನೂ ಹೌದೆಂದೆ.

ಮೊದಲ ಎರಡು ದಿನ ಕನ್ನಡಿಗಳನ್ನು ವಿನೆಗರ್ ನೀರಿನಲ್ಲಿ ಒರೆಸಿದೆವು, ಬೇರೆಡೆಗೆ ಬೆಳಕು ಎಸೆಯುತ್ತಿದ್ದ ಚೂರುಗಳನ್ನು ಕಿತ್ತು ಮತ್ತೆ ಅಂಟಿಸಿದೆವು. ಡಿಶ್ಶಿನ ಅಂಚಿಗೆ ಒಂದು ತಗಡು, ತಗಡಿನ ನಡುವೆ ಒಂದು ಮೊಳೆ. ಮೊಳೆಯ ನೆರಳು ಕಾಣದಿದ್ದರೆ ಡಿಶ್ಶು ಸೂರ್ಯನಿಗೆ ನೇರವಾಗಿದೆ ಎಂದರ್ಥ. ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಹಿಡಿಕೆ ತಿರುಗಿಸಿ ಆ ನೆರಳನ್ನು ಅಳಿಸಬೇಕು. ಮೂರನೆಯ ದಿನ ಮಧ್ಯಾಹ್ನ ಟೋಪಿಗೆ ಎಷ್ಟು ಬಿಸಿ ಬರುತ್ತದೆ ನೋಡೋಣವೆಂದು ಚಕ್ರಕ್ಕೆ ಮರದ ಬೆಣೆ ಕೊಟ್ಟು ಎಂಜಿನ್ನು ನಿಲ್ಲಿಸಿದೆವು. ಮೇಸ್ತ್ರಿ ಜೇಬಿನಿಂದ ತಮ್ಮ ಹಳೆಯ ನೀಲಿ ಗಾಜು ತೆಗೆದು ಕಣ್ಣಿಗೆ ಹಿಡಿದರು. ಫರ್ನೇಸಿನವರು ಕಾವನ್ನು ಅಳೆಯುವುದು ಬಣ್ಣದಲ್ಲಿ.

"ಕೆಂಪು ಬಂತು ನೋಡಿ ಮೇಡಂ" ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಟೋಪಿಗೆ ಸಿಕ್ಕಿಸಿದ್ದ ಶಾಖದ ಮೀಟರು ಆರುನೂರ ತೊಂಬತ್ತು ಡಿಗ್ರಿ ತೋರಿಸುತ್ತಿತ್ತು. ನಾನು ಫೋಟೊ ತೆಗೆದು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಪ್ಪಾಳೆಗಳ ಸುರಿಮಳೆಯಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಡುವ ಪಾಠವೇ ಅದು: ನಿಂತ ಎಂಜಿನ್ನು ಶಾಖವನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಬಿದ್ದ ಬಿಸಿಲಿಗೆ ಬೇರೆ ದಾರಿ ಇಲ್ಲದೆ ಟೋಪಿ ಕೆಂಪಗಾಗುತ್ತದೆ, ಕೆಂಪಗಾದಷ್ಟೂ ಸುತ್ತಲಿಗೆ ಕಾವನ್ನು ಬೀರುತ್ತದೆ. ಅಂದು ನಾವು ಮಾಡಿದ್ದು ಆಕಾಶವನ್ನು ಕಾಯಿಸುವ ಕೆಲಸ. ಅತಿ ಹೆಚ್ಚು ಡಿಗ್ರಿ ತೋರಿಸಿದ ಆ ಗಳಿಗೆಯಲ್ಲಿ ನಮ್ಮ ಎಂಜಿನ್ನು ಮಾಡುತ್ತಿದ್ದ ಕೆಲಸ ಸೊನ್ನೆ.

ಮರುದಿನ ಆ ಕೆಂಪನ್ನು ಇನ್ನೊಮ್ಮೆ ನೋಡುವ ಚಪಲಕ್ಕೆ ಮತ್ತೆ ಬೆಣೆ ಕೊಟ್ಟು, ಬೆಣೆ ತೆಗೆಯದೆ ಚಹಾಕ್ಕೆ ಹೋದೆವು. ಬಂದು ನೋಡಿದರೆ ಟೋಪಿ ಉಬ್ಬಿಕೊಂಡಿತ್ತು. ಚಕ್ರ ತಿರುಗಿಸಿದರೆ ಒಳಗಿನ ಡಬ್ಬ ಕರಕರ ಎಂದು ಉಜ್ಜುತ್ತಿತ್ತು.

ಬಿಚ್ಚಿ, ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿನ ಲೇತಿನವರು ಮೇಸ್ತ್ರಿಗೆ ಬಹಳ ವರ್ಷದ ಪರಿಚಯ. ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಮಾರಾಯ್ರೇ ಇದು, ಟೋಪಿ ಹೋಗಿ ಹೊಟ್ಟೆ ಬಂದಿದೆ" ಎಂದರು.

"ನಾನೇ ಮಾಡ್ಕೊಂಡಿದ್ದು. ಬಿಡಿ, ಹೊಸದು ಕೊರೆದು ಕೊಡಿ" ಎಂದರು ಮೇಸ್ತ್ರಿ. ತಪ್ಪಿನಲ್ಲಿ ನನ್ನ ಪಾಲನ್ನೂ ಅವರೇ ಹೊತ್ತುಕೊಂಡದ್ದನ್ನು ನಾನು ಗಮನಿಸಿದೆ, ಸುಮ್ಮನಿದ್ದೆ.

ಹೊಸ ಟೋಪಿ ಬಂದು ಎಂಜಿನ್ನು ಮತ್ತೆ ಕೂಡುವಾಗ ಎಂಟನೆಯ ದಿನ. ಒಂಬತ್ತನೆಯ ದಿನ ಬೆಳಗಿನಿಂದ ಸಂಜೆವರೆಗೆ ಓಡಿಸಿ ನೀರಿನ ಮೀಟರ್ ನೋಡಿದರೆ ಎರಡು ಸಾವಿರದ ಏಳುನೂರು ಲೀಟರ್. ಅರ್ಧ ಟ್ಯಾಂಕಿಗಿಂತ ತುಸು ಹೆಚ್ಚು. ಮೇಸ್ತ್ರಿ ಉಪಕರಣಗಳನ್ನು ಒರೆಸಿ ಚೀಲಕ್ಕೆ ಹಾಕಿದರು. ಹೋಗುವಾಗ, ಡಿಶ್ಶಿನ ಸುತ್ತ ಇನ್ನೊಂದು ಸುತ್ತು ಕನ್ನಡಿ ಕೂರಿಸುವ ಉಂಗುರ ಮಾಡಿಸುತ್ತೇನೆ, ಲೇತಿನವರಿಗೆ ಹೇಳಿದ್ದೇನೆ ಎಂದರು.

ಹನ್ನೊಂದನೆಯ ದಿನ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಲಾಗ್ ಪುಸ್ತಕ ತೆಗೆದು ಓದುತ್ತಾ ಬಂದೆ. ಅದರಲ್ಲಿ ಮೂರು ಕಾಲಮ್ಮು: ಗಂಟೆ, ಟೋಪಿಯ ಬಿಸಿ, ನಿಮಿಷಕ್ಕೆ ಲೀಟರು. ಬೆಳಿಗ್ಗೆ ಹತ್ತಕ್ಕೆ ನಾನೂರ ಹತ್ತು ಡಿಗ್ರಿ, ಒಂಬತ್ತು ಲೀಟರ್. ಮಧ್ಯಾಹ್ನ ಒಂದಕ್ಕೆ ನಾನೂರ ಎಪ್ಪತ್ತು ಡಿಗ್ರಿ, ಆರು ಲೀಟರ್. ಮೂರು ದಿನವೂ ಹಾಗೆಯೇ ಇತ್ತು. ಬಿಸಿಲು ಹೆಚ್ಚು, ಟೋಪಿ ಹೆಚ್ಚು ಬಿಸಿ, ನೀರು ಕಡಿಮೆ. ಬೇರಿಂಗು ಕಾದು ಬಿಗಿಯಾಗಿರಬೇಕು ಎಂದುಕೊಂಡೆ. ಬಸ್ಸು ಮಾಚೇನಹಳ್ಳಿಯಲ್ಲಿ ನಿಂತು ಪಾಳಿ ಮುಗಿಸಿದವರನ್ನು ಹತ್ತಿಸಿಕೊಳ್ಳುತ್ತಿತ್ತು. ಆಗ ಹೊಳೆಯಿತು, ನಮ್ಮ ಪುಸ್ತಕದಲ್ಲಿ ತಣ್ಣನೆಯ ತುದಿಗೆ ಕಾಲಮ್ಮೇ ಇಲ್ಲ. ಹನ್ನೊಂದು ದಿನದಲ್ಲಿ ಒಮ್ಮೆಯೂ ನಾವು ಅದನ್ನು ಅಳೆದಿರಲಿಲ್ಲ.

ಜಾಕೆಟ್ಟಿನ ನೀರು ಪಕ್ಕದ ನೂರು ಲೀಟರಿನ ಡ್ರಮ್ಮಿನಿಂದ ಹೋಗಿ ಅದಕ್ಕೇ ವಾಪಸ್ ಬರುತ್ತಿತ್ತು. ಮರುದಿನ ಡ್ರಮ್ಮಿಗೆ ಥರ್ಮಾಮೀಟರ್ ಇಳಿಬಿಟ್ಟೆ. ಒಂಬತ್ತಕ್ಕೆ ಇಪ್ಪತ್ತೆಂಟು ಡಿಗ್ರಿ. ಒಂದು ಗಂಟೆಗೆ ಅರವತ್ತೊಂದು.

"ಮೇಸ್ತ್ರಿಯವ್ರೇ, ಡ್ರಮ್ ನೀರು ಕಾದುಹೋಗಿದೆ."

ಅವರು ಬಂದು ಡ್ರಮ್ಮಿಗೆ ಕೈ ಅದ್ದಿದರು. "ಕೈ ಇಡೋಕಾಗ್ತಾ ಇದೆಯಲ್ಲ ಮೇಡಂ. ಸರಿ ಇದೆ."

ಫರ್ನೇಸಿನ ಕಡೆ ಅದು ರೂಢಿಯಂತೆ. ತಂಪು ಮಾಡುವ ನೀರು ಹೊರಬರುವಲ್ಲಿ ಕೈ ಹಿಡಿಯುವುದು, ಕೈ ತಾಳಿದರೆ ನೀರು ಸಾಕು, ಕಬ್ಬಿಣಕ್ಕೆ ಅಪಾಯವಿಲ್ಲ. ನಾನೂ ಕೈ ಅದ್ದಿದೆ, ಅದ್ದಿದಷ್ಟೇ ವೇಗದಲ್ಲಿ ತೆಗೆದೆ. ಮೂವತ್ತು ವರ್ಷ ಕಾವಿಗೆ ಒಡ್ಡಿ ದಪ್ಪಗಾದ ಅವರ ಅಂಗೈಗೆ ಅರವತ್ತು ಡಿಗ್ರಿ ಎಂದರೆ ಸ್ನಾನದ ನೀರು. ನಾವು ಆ ಕೈಯನ್ನೇ ಥರ್ಮಾಮೀಟರ್ ಮಾಡಿಕೊಂಡಿದ್ದೆವು.

ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೇಳಿದೆ. ಬಿಸಿಲಿನಿಂದ ನಮಗೆ ಸಿಗುವ ಕೆಲಸ ಬಿಸಿ ತುದಿಯಿಂದಲೇ ಬರುವುದಲ್ಲ, ಎರಡು ತುದಿಗಳ ಅಂತರದಿಂದ ಬರುತ್ತದೆ. ಶಾಖ ಬಿಸಿಯಿಂದ ತಣ್ಣನೆಯ ಕಡೆಗೆ ಹರಿಯುವಾಗ ನಾವು ನಡುವೆ ನಿಂತು ಒಂದಿಷ್ಟು ತೆಗೆದುಕೊಳ್ಳುತ್ತೇವೆ, ಉಳಿದದ್ದನ್ನು ತಣ್ಣನೆಯ ತುದಿಗೆ ಬಿಟ್ಟುಕೊಡಲೇಬೇಕು. ಅಲ್ಲಿ ಜಾಗ ಇಲ್ಲದಿದ್ದರೆ ಹರಿವೇ ಕುಗ್ಗುತ್ತದೆ. ಇನ್ನೊಂದು ಮಾತು, ಬಂದ ಕೆಲಸದಲ್ಲಿ ಮೊದಲ ಪಾಲು ಘರ್ಷಣೆಯದು. ಪಿಸ್ಟನ್ನು, ಬೇರಿಂಗು, ಪಂಪಿನ ವಾಷರು ತಮ್ಮ ಪಾಲನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಒಳಗೆ ಸ್ವಲ್ಪ ಕಡಿಮೆಯಾದರೂ ನೀರಿನಲ್ಲಿ ಬಹಳ ಕಡಿಮೆಯಾಗುತ್ತದೆ.

ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡರು. "ಬೋರ್ಡಲ್ಲಿ ಸರಿ ಮೇಡಂ" ಎಂದರು.

ಬೋರ್ಡು ಬೇಡವೆಂದು ಒಂದು ಬಕೆಟ್ ಬಾವಿ ನೀರು ತಂದೆ. ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದೆ, ನಿಮಿಷಕ್ಕೆ ತೊಂಬತ್ತಾರು ಸುತ್ತು. ಜಾಕೆಟ್ಟಿನ ಮೇಲೆ ನೀರು ಸುರಿಯಿರಿ ಎಂದು ಮಗ್ಗು ಕೊಟ್ಟೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಕಾದ ಕಬ್ಬಿಣದ ಹತ್ರ ನೀರು ತರಬಾರ್ದು ಮೇಡಂ. ಕೆಲಸಕ್ಕೆ ಸೇರಿದ ಮೊದಲನೇ ದಿನ ಹೇಳಿಕೊಟ್ಟಿದ್ದೇ ಅದು."

"ಇದು ಕಾದ ತುದಿ ಅಲ್ಲ, ಈ ಕಡೇದು. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಅವರು ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ತೋಳನ್ನಷ್ಟೇ ಮುಂದೆ ಚಾಚಿ ಸುರಿದರು. ಒಂದು ಮಗ್ಗು, ಎರಡು, ಐದು. ಚಕ್ರದ ಸದ್ದು ಬದಲಾಯಿತು. ನಾನು ಎಣಿಸುವ ಮೊದಲೇ ಅವರ ಕಿವಿಗೆ ಅದು ಗೊತ್ತಾಗಿತ್ತು, ಮುಖ ತಿರುಗಿಸಿ ನೋಡಿದರು. ನೂರ ಮೂವತ್ತೆಂಟು ಸುತ್ತು. ಬಕೆಟ್ಟು ಖಾಲಿಯಾದ ಮೇಲೆ ಅವರೇ ಇನ್ನೊಂದು ಬಕೆಟ್ಟು ತಂದರು. ಅದೂ ಖಾಲಿಯಾದ ಮೇಲೆ ದಿಮ್ಮಿಯ ಮೇಲೆ ಕೂತು, "ಅಷ್ಟು ವರ್ಷ ನಾವು ನೀರನ್ನ ಕಾವಲಿಗೆ ಇಟ್ಕೊಂಡಿದ್ವಿ ಮೇಡಂ. ಇಲ್ಲಿ ಅದು ದುಡೀತಾ ಇದೆ" ಎಂದರು.

ಇಷ್ಟಾದರೂ ಮುಂದೇನು ಮಾಡುವುದು ಎಂಬಲ್ಲಿ ನಾವು ಒಪ್ಪಲಿಲ್ಲ. ಆಗಾಗ ಡ್ರಮ್ಮಿನ ನೀರು ಬದಲಿಸೋಣ, ಕನ್ನಡಿಯ ಉಂಗುರವನ್ನೂ ಹಾಕೋಣ ಎಂಬುದು ಅವರ ಮಾತು. ಉಂಗುರ ಆಗಲೇ ಅರ್ಧ ತಯಾರಾಗಿತ್ತು. ಉಂಗುರ ಬೇಡ, ಡ್ರಮ್ಮೂ ಬೇಡ ಎಂದೆ ನಾನು. ಪಂಪು ಎತ್ತುವ ಬಾವಿ ನೀರು ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಜಾಕೆಟ್ಟಿನ ಮೂಲಕವೇ ಹಾದುಹೋಗಲಿ. ಇಪ್ಪತ್ತಾರು ಡಿಗ್ರಿಯ ನೀರು, ನನ್ನ ಅಂದಾಜಿನಂತೆ ನಿಮಿಷಕ್ಕೆ ಹದಿನೈದು ಲೀಟರ್, ಎಂಜಿನ್ನು ಬಿಟ್ಟುಕೊಡುವ ಶಾಖವನ್ನೆಲ್ಲ ಹೊತ್ತುಕೊಂಡರೂ ಅದು ಬಿಸಿಯಾಗುವುದು ಒಂದೂವರೆ ಡಿಗ್ರಿ ಅಷ್ಟೆ.

"ಒಂದೂವರೆನಾ?"

"ಒಂದೂವರೆ. ಬೇಕಾದ್ರೆ ನೀವೇ ಲೆಕ್ಕ ಹಾಕಿ."

"ಲೆಕ್ಕ ಇರ್ಲಿ. ಜಾಕೆಟ್ ತೂತು ಸಣ್ಣದು, ಅಷ್ಟು ನೀರು ಹೋಗಲ್ಲ. ಕೊರೆಸ್ಬೇಕು ಅಂದ್ರೆ ಪೂರ್ತಿ ಬಿಚ್ಬೇಕು. ಬಿಚ್ಚಿದ್ದು ಮತ್ತೆ ಕೂಡ್ಲಿಲ್ಲ ಅಂದ್ರೆ ಎರಡು ಸಾವಿರದ ಏಳುನೂರೂ ಇಲ್ಲ ಮೇಡಂ."

ಅವರು ಹೇಳಿದ್ದು ಸರಿಯಾಗಿತ್ತು. ಉಳಿದಿದ್ದದ್ದು ಆರು ದಿನ. ಎಂಜಿನ್ನು ಅವರದು, ಗುಜರಿಗೆ ಹೋದರೆ ಕರುಳು ಕಿತ್ತುಬರುವುದು ಅವರಿಗೆ. ಲೆಕ್ಕ ಮಾತ್ರ ನನ್ನದು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಹೇಳಿದೆ, "ಬಿಚ್ಚೋಣ. ಕೂಡ್ಲಿಲ್ಲ ಅಂದ್ರೆ ತಪ್ಪು ನಂದು ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಡ್ತೀನಿ."

ಮೇಸ್ತ್ರಿ ಎದ್ದು ಸ್ಪ್ಯಾನರ್ ತೆಗೆದುಕೊಂಡರು.

ಮಾಚೇನಹಳ್ಳಿಯಲ್ಲಿ ಜಾಕೆಟ್ಟಿನ ತೂತುಗಳನ್ನು ದೊಡ್ಡದು ಮಾಡಿಸಲು ಎರಡು ದಿನ. ಲೇತಿನವರು ಅರ್ಧ ಬಗ್ಗಿಸಿದ್ದ ಉಂಗುರವನ್ನು ಗೋಡೆಗೆ ಒರಗಿಸಿ, ಇನ್ನು ಇದರಲ್ಲಿ ಅವರೆ ಬಳ್ಳಿ ಹಬ್ಬಿಸುತ್ತೇನೆ ಎಂದರು. ಹದಿನೈದನೆಯ ದಿನ ಕೂಡಿಸಿ ಚಕ್ರ ತಿರುಗಿಸಿದರೆ ಜಾಕೆಟ್ಟಿನ ಸುತ್ತಲೂ ನೀರು ಜಿನುಗಿತು. ಇದು ನನಗೆ ಹೊಳೆದಿರಲಿಲ್ಲ. ಬಾಯಿ ತೆರೆದ ಡ್ರಮ್ಮಿಗೆ ಮಾಡಿದ ಜಾಕೆಟ್ಟು ಅದು, ಈಗ ಅದರ ಮೇಲೆ ಟ್ಯಾಂಕಿನವರೆಗಿನ ನೀರಿನ ಭಾರ ಕೂತಿತ್ತು. ನಾನು ತಲೆ ಮೇಲೆ ಕೈಹೊತ್ತು ಕೂತೆ. ಮೇಸ್ತ್ರಿ ಕೂರಲಿಲ್ಲ. ಲಾರಿ ಟ್ಯೂಬಿನ ರಬ್ಬರನ್ನು ಕತ್ತರಿಸಿ ಎರಡು ಪದರ ಮಾಡಿ, ನಾಲ್ಕು ಬೋಲ್ಟ್ ಇದ್ದಲ್ಲಿ ಎಂಟು ಮಾಡಿ, ಎದುರುಬದುರಾಗಿ ಒಂದೊಂದು ಸುತ್ತು ಬಿಗಿಯುತ್ತಾ ಹೋದರು. ಒಂದೇ ಕಡೆ ಬಿಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ ಎಂದು ನನಗೆ ಹೇಳಿಕೊಟ್ಟರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಜಿನುಗು ನಿಂತಿತು.

ಅವತ್ತೇ ಅರ್ಧ ಗಂಟೆ ಓಡಿಸಿ ನೋಡಿದೆವು. ನಿಮಿಷಕ್ಕೆ ಹದಿನೈದು ಲೀಟರ್. ಟೋಪಿ ಮಾತ್ರ ನಾನೂರ ಇಪ್ಪತ್ತು ದಾಟಲಿಲ್ಲ. ನೀಲಿ ಗಾಜಿನಲ್ಲಿ ನೋಡಿದರೆ ಬರೀ ಕಪ್ಪು.

"ಬಣ್ಣವೇ ಇಲ್ಲ" ಎಂದರು ಮೇಸ್ತ್ರಿ, ಸ್ವಲ್ಪ ಬೇಜಾರಿನಲ್ಲಿ.

"ಬಿಸಿಲೆಲ್ಲ ಒಳಗೆ ಹೋಗ್ತಾ ಇದೆ, ಅದಕ್ಕೆ."

ಅವರು ಗಾಜನ್ನು ಮಡಚಿದ ಕರವಸ್ತ್ರದೊಳಗೆ ಇಟ್ಟು ಜೇಬಿಗೆ ಹಾಕಿಕೊಂಡರು. ಆಮೇಲೆ ಅದನ್ನು ತೆಗೆದದ್ದು ನಾನು ನೋಡಲಿಲ್ಲ.

ಹದಿನೆಂಟನೆಯ ದಿನ. ಹಾಸ್ಟೆಲ್ ಅಡುಗೆಮನೆಗೆ ಬೇಕಾದ ನೀರನ್ನು ಬೆಳಿಗ್ಗೆಯೇ ಡ್ರಮ್ಮುಗಳಿಗೆ ತುಂಬಿಸಿ, ಟ್ಯಾಂಕು ಪೂರ್ತಿ ಖಾಲಿ ಮಾಡಿ, ಕೆಳಗಿನ ವಾಲ್ವು ಮುಚ್ಚಿದೆವು. ಪ್ರಿನ್ಸಿಪಾಲರು ತಾವೇ ಬಂದು ವಿದ್ಯುತ್ ಮೋಟರಿನ ಸ್ವಿಚ್ಚು ಆಫ್ ಮಾಡಿದರು. ಒಂಬತ್ತಕ್ಕೆ ಮೇಸ್ತ್ರಿ ಚಕ್ರವನ್ನು ಕೈಯಿಂದ ತಳ್ಳಿ ಎಂಜಿನ್ನು ಶುರು ಮಾಡಿದರು. ಹತ್ತು ನಿಮಿಷಕ್ಕೊಮ್ಮೆ ಮೊಳೆಯ ನೆರಳು ಅಳಿಸುವ ಸರದಿ ನನ್ನದು. ಒಂದೂ ನಲವತ್ತಕ್ಕೆ ನೀರಿನ ಮೀಟರ್ ಮೂರು ಸಾವಿರದ ನಾನೂರ ಇಪ್ಪತ್ತು ಲೀಟರ್ ತೋರಿಸಿತು. ಆ ಹೊತ್ತಿಗೇ ಒಂದು ಮೋಡ ಬಂತು. ಟೋಪಿ ಆರಿತು, ಚಕ್ರ ನಿಧಾನವಾಗಿ ನಿಂತಿತು. ಇಪ್ಪತ್ತೈದು ನಿಮಿಷ ನಾವಿಬ್ಬರೂ ಆ ಮೋಡ ಸರಿಯುವುದನ್ನೇ ಕಾದೆವು. ಬಿಸಿಲು ಬಂದ ಮೇಲೆ ಮೇಸ್ತ್ರಿ ಟೋಪಿ ಕಾಯಲು ಬಿಟ್ಟು, ಸರಿಯಾದ ಹೊತ್ತು ನೋಡಿ ಚಕ್ರ ತಳ್ಳಿದರು. ಒಂದೇ ಸಲಕ್ಕೆ ಹಿಡಿಯಿತು.

ನಾಲ್ಕೂವರೆ ಆಗಿರಬೇಕು. ಅಡುಗೆಮನೆಯ ಅಮ್ಮ ಸೆರಗಿಗೆ ಕೈ ಒರೆಸುತ್ತಾ ಹೊರಬಂದವರು ಮೇಲೆ ನೋಡಿ ಕೂಗಿದರು, "ಯಾರ್ರೀ ಅದು ಮೋಟರ್ ಹಾಕಿ ಮರ್ತಿರೋದು? ಟ್ಯಾಂಕ್ ತುಂಬಿ ಸುರೀತಾ ಇದೆ." ಯಾರೂ ಅಲುಗಾಡದ್ದು ಕಂಡು ತಾವೇ ಹೋಗಿ ಸ್ವಿಚ್ಚು ನೋಡಿದರು. ಅದು ಆಫ್ ಆಗಿಯೇ ಇತ್ತು. ಇನ್ನೊಮ್ಮೆ ಒತ್ತಿ ತೆಗೆದರು. ನೀರು ಸುರಿಯುತ್ತಲೇ ಇತ್ತು.

ಪ್ರಿನ್ಸಿಪಾಲರು ಆಫೀಸಿನ ಮೆಟ್ಟಿಲಿನ ಮೇಲೆ ನಿಂತು ನಕ್ಕರು. ಶೆಡ್ಡಿಗೆ ಬಂದು ಮೀಟರ್ ನೋಡಿ, ಮೇಸ್ತ್ರಿಯ ಕೈ ಹಿಡಿದುಕೊಂಡರು. "ಬೈಕ್‌ಗಳು ಮರದ ಕೆಳಗೇ ಇರ್ಲಿ ಬಿಡಿ" ಎಂದರು.

ಅವರು ಹೋದ ಮೇಲೆ ನಾನು ಆ ದಿನದ ಲೆಕ್ಕ ಹಾಕಿದೆ. ಡಿಶ್ಶಿನ ಮೇಲೆ ಬಿದ್ದ ಬಿಸಿಲಿನಲ್ಲಿ ನೀರೆತ್ತುವ ಕೆಲಸವಾಗಿ ಬದಲಾದದ್ದು ನೂರಕ್ಕೆ ಒಂದು ಪಾಲು ಕೂಡ ಅಲ್ಲ. ಅದನ್ನು ಮೇಸ್ತ್ರಿಗೆ ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಿಯೇಬಿಟ್ಟೆ.

"ಒಂದು ಪಾಲಲ್ಲೇ ಟ್ಯಾಂಕ್ ತುಂಬ್ತಲ್ಲ ಮೇಡಂ" ಎಂದರು ಅವರು. ಜಾಕೆಟ್ಟಿನಿಂದ ಹೊರಡುವ ಪೈಪಿನ ಕೀಲು ಬಿಚ್ಚಿ, ಉಳಿದ ನೀರಿಗೆ ಅಂಗೈ ಹಿಡಿದಿದ್ದರು. ನಾನೂ ಹಿಡಿದೆ. ಬಾವಿಯಿಂದ ಆಗಷ್ಟೇ ಸೇದಿದ ನೀರಿನ ಹಾಗಿತ್ತು, ನನ್ನ ಕೈಗೂ ಅವರ ಕೈಗೂ ಒಂದೇ ಥರ ತಣ್ಣಗೆ. ಅಷ್ಟು ನೆಮ್ಮದಿ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಕೈ ಒರೆಸಿಕೊಂಡು ಅವರು ಮೊಪೆಡ್ಡಿನ ಹತ್ತಿರ ಹೋಗಿ, ಸೀಟಿನ ಪಕ್ಕದ ಚೀಲದಿಂದ ಹಳೆಯ ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದರು. ಬಿಚ್ಚಿದರೆ ನಾಲ್ಕು ಅಡಿಪಾಯದ ಬೋಲ್ಟುಗಳು, ಎಣ್ಣೆ ಹಚ್ಚಿದವು. ಸುತ್ತಿದ್ದ ಪೇಪರು ಹಳದಿಗಟ್ಟಿ ಮಡಿಕೆಯಲ್ಲಿ ಹರಿದಿತ್ತು.

"ಯಾವಾಗ ಮಾಡಿಸಿದ್ರಿ ಇವನ್ನ?"

"ಎಂಜಿನ್ ಶುರು ಮಾಡಿದ ವರ್ಷ."

"ಹಾಗಾದ್ರೆ ಇಲ್ಲೇ ಉಳಿಯುತ್ತೆ ಅಂತ ನಂಬಿಕೆ ಇತ್ತು ನಿಮಗೆ."

"ಇರ್ಲಿಲ್ಲ ಮೇಡಂ" ಎಂದರು. "ಚೀಲದಲ್ಲಿ ಇರ್ಲಿ ಅಂತ ಇಟ್ಕೊಂಡಿದ್ದೆ."

ಎಂಜಿನ್ನಿನ ನಾಲ್ಕು ಕಾಲುಗಳ ಸುತ್ತ ಅವರು ಸೀಮೆಸುಣ್ಣದಲ್ಲಿ ಗುರುತು ಹಾಕತೊಡಗಿದರು. ನಾನು ಸಿಮೆಂಟ್ ನೆಲ ಕೊರೆಯುವ ಮಿಷನ್ನಿಗಾಗಿ ಸ್ಟೋರಿನ ಬೀಗದ ಕೈ ತರಲು ಹೋದೆ.